ನೀಲಿ ಹೊಗೆ ಕಂಡೊಡನೆ ಇಂಜಿನ್ ಬಿಚ್ಚಬೇಕೆ?

ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆಗೆ ಸಾಗುವ ಹಾದಿಯಲ್ಲಿ ಸಿಗುವ ವಸ್ತಾರೆ ಹಾಗೂ ಅದರ ಸುತ್ತಣ ಕಾಫಿ ತೋಟಗಳಲ್ಲಿ ಹಳೆಯ ಕಾರುಗಳಿಗೆ ಇಂದಿಗೂ ಬರವಿಲ್ಲ. ಕೆಎ-18 ನೋಂದಣಿಯ, ಇಪ್ಪತ್ತು-ಇಪ್ಪತ್ತೈದು ವರ್ಷ ದಾಟಿದ ಮಾರುತಿ 800, ಓಮ್ನಿ, ಜಿಪ್ಸಿಗಳು ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ರಾತ್ರಿ ಕಳೆಯುತ್ತವೆ. ಬೆಳಗಾದರೆ ಮಕ್ಕಳನ್ನು ಶಾಲೆಗೂ ಹಿರಿಯರನ್ನು ಆಸ್ಪತ್ರೆಗೂ ಗೊಬ್ಬರದ ಚೀಲವನ್ನು ತೋಟಕ್ಕೂ ಮುಟ್ಟಿಸುತ್ತವೆ.

ಇಂತಹ ಕಾರೊಂದು ಒಂದು ಮುಂಜಾನೆ ಚಾಲೂ ಮಾಡಿದೊಡನೆ ಸೈಲೆನ್ಸರಿನಿಂದ ನೀಲಿ ಹೊಗೆ ಉಗುಳುತ್ತದೆ. ಒಂದೆರಡು ನಿಮಿಷದಲ್ಲಿ ಹೊಗೆ ಮಾಯವಾಗುತ್ತದೆ, ಮಾಲೀಕರೂ ಮರೆಯುತ್ತಾರೆ. ಕೆಲವು ತಿಂಗಳ ಬಳಿಕ ಉದ್ದನೆಯ ಇಳಿಜಾರು ಮುಗಿದು ಮತ್ತೆ ಎಕ್ಸಿಲರೇಟರ್ ಒತ್ತಿದಾಗ ಹಿಂದಿನ ವಾಹನ ಕಾಣದಷ್ಟು ಹೊಗೆ. ಪ್ರತಿ ತಿಂಗಳೂ ಅರ್ಧ ಲೀಟರ್ ಆಯಿಲ್ ಸುರಿಯಬೇಕಾದ ಸ್ಥಿತಿ. ಗ್ಯಾರೇಜಿಗೆ ಒಯ್ದರೆ ದೊರೆಯುವ ತೀರ್ಪು ಬಹುತೇಕ ಒಂದೇ: ರಿಂಗ್ ಹೋಗಿದೆ, ಇಂಜಿನ್ ಕೆಲಸಕ್ಕೆ ಬಂದಿದೆ, ಬೋರ್ ಮಾಡಿಸಬೇಕು. ಇಲ್ಲವಾದರೆ ಗುಜರಿಗೆ ಕೊಡಬೇಕು.

ಈ ತೀರ್ಪು ಕೆಲವೊಮ್ಮೆ ಸರಿ, ಆದರೆ ಎಲ್ಲ ಸಲವೂ ಅಲ್ಲ. ಬೆಳಗಿನ ಹೊಗೆ ಮತ್ತು ಇಳಿಜಾರಿನ ನಂತರದ ಹೊಗೆ, ಈ ಎರಡೂ ಒಟ್ಟಿಗೆ ಕಂಡುಬಂದರೆ ತಪ್ಪಿತಸ್ಥ ಪಿಸ್ಟನ್ ರಿಂಗ್ ಅಲ್ಲ, ಬೆರಳ ತುದಿಯಷ್ಟು ದೊಡ್ಡದಾದ ಒಂದು ರಬ್ಬರಿನ ಟೊಪ್ಪಿಗೆ ಎಂದು ಶಂಕಿಸಲು ಬಲವಾದ ಕಾರಣವಿದೆ. ಅದರ ಹೆಸರು ವಾಲ್ವ್ ಸೀಲ್. ಮಾರುತಿ 800ರ ಮೂಲ ಇಂಜಿನಿನಲ್ಲಿ ಇಂತಹವು ಇರುವುದು ಆರೇ ಆರು. ಆರರ ಬೆಲೆಯನ್ನೂ ಕೂಡಿಸಿದರೆ ಅದೇ ಕಾರಿನ ಒಂದು ಟ್ಯಾಂಕ್ ಪೆಟ್ರೋಲಿನ ಬೆಲೆಯಷ್ಟಾಗದು!

ಟೊಪ್ಪಿಗೆಯ ಕೆಲಸವೇನು?

ನಾಲ್ಕು ಹಂತದ ಇಂಜಿನಿನಲ್ಲಿ ಪ್ರತಿ ಸಿಲಿಂಡರಿನ ಮೇಲೆ ಕನಿಷ್ಠ ಎರಡು ವಾಲ್ವ್‌ಗಳಿರುತ್ತವೆ. ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಒಳಬಿಡುವುದು ಇನ್ಲೆಟ್, ಉರಿದ ಅನಿಲವನ್ನು ಹೊರಗಟ್ಟುವುದು ಎಕ್ಸಾಸ್ಟ್. ವಾಲ್ವ್ ಎಂದರೆ ಉದ್ದನೆಯ ಕಾಂಡವಿರುವ ಅಣಬೆಯಂತಹ ಉಕ್ಕಿನ ಭಾಗ. ಅದರ ಕಾಂಡವು ಗೈಡ್ ಎಂಬ ಕೊಳವೆಯೊಳಗೆ ಮೇಲೆ ಕೆಳಗೆ ಜಾರುತ್ತಿರುತ್ತದೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಪ್ರತಿ ವಾಲ್ವ್ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ಕಾಂಡಕ್ಕೂ ಗೈಡಿಗೂ ನಡುವಣ ತೆರಪು ಮಿಲಿಮೀಟರಿನ ನೂರನೇ ಕೆಲವು ಭಾಗಗಳಷ್ಟೇ.

ಕಾಂಡ ಜಾರಬೇಕಾದರೆ ಅದಕ್ಕೆ ಎಣ್ಣೆ ಬೇಕು. ಟ್ಯಾಪೆಟ್ ಕವರಿನ ಕೆಳಗೆ ರಾಕರ್, ಕ್ಯಾಮ್‌ಷಾಫ್ಟುಗಳ ಮೇಲೆ ಸದಾ ಆಯಿಲ್ ಚಿಮ್ಮುತ್ತಲೇ ಇರುತ್ತದೆ. ಅದು ಗೈಡಿನ ಮೂಲಕ ಧಾರಾಳವಾಗಿ ಕೆಳಗಿಳಿದರೆ ನೇರವಾಗಿ ಸಿಲಿಂಡರ್ ಸೇರಿ ಸುಟ್ಟುಹೋಗುತ್ತದೆ. ಇದನ್ನು ತಡೆಯಲು ಗೈಡಿನ ನೆತ್ತಿಗೆ ಸೀಲನ್ನು ಕೂರಿಸಲಾಗುತ್ತದೆ. ಅದರ ತುಟಿ ಕಾಂಡವನ್ನು ಹಿತವಾಗಿ ಅಪ್ಪಿ, ತೆಳುವಾದ ಪೊರೆಯಷ್ಟು ಎಣ್ಣೆಯನ್ನು ಮಾತ್ರ ಕೆಳಕ್ಕೆ ಬಿಡುತ್ತದೆ. ಪೂರ್ತಿ ತಡೆದರೆ ಗೈಡ್ ಒಣಗಿ ಸವೆಯುತ್ತದೆ, ಹೆಚ್ಚು ಬಿಟ್ಟರೆ ಹೊಗೆ. ಬಾಗಿಲಲ್ಲಿ ನಿಂತು ಇಂತಿಷ್ಟೇ ಜನರನ್ನು ಒಳಗೆ ಬಿಡುವ ಕಾವಲುಗಾರನ ಕೆಲಸವಿದು.

ರಬ್ಬರು ಬಿಸಿಯಲ್ಲಿ ಬೆಂದು ಬೆಂದು ಮೃದುತ್ವ ಕಳೆದುಕೊಳ್ಳುತ್ತದೆ. ಹಳೆಯ ಕಾರುಗಳಲ್ಲಿ ಬಹಳ ಕಾಲ ಬಳಕೆಯಲ್ಲಿದ್ದುದು ನೈಟ್ರೈಲ್ ರಬ್ಬರಿನ ಸೀಲುಗಳು. 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣಾಂಶದಲ್ಲಿ ವರ್ಷಗಟ್ಟಲೆ ಇದ್ದಾಗ ಅವು ಗಟ್ಟಿಯಾಗಿ ತುಟಿ ಬಿರಿಯುತ್ತವೆ. ಬಿಚ್ಚಿ ತೆಗೆದ ಹಳೆಯ ಸೀಲನ್ನು ಬೆರಳಿನಿಂದ ಒತ್ತಿದರೆ ರಬ್ಬರಿನಂತೆ ಬಾಗದೆ ಪ್ಲಾಸ್ಟಿಕ್ಕಿನಂತೆ ಚಿಟಕ್ಕೆಂದು ಒಡೆಯುವುದೂ ಉಂಟು. ಇಂದು ದೊರೆಯುವ ಫ್ಲೋರೋ ರಬ್ಬರಿನ ಸೀಲುಗಳು, ವ್ಯವಹಾರದ ಮಾತಿನಲ್ಲಿ ವೈಟಾನ್, 200 ಡಿಗ್ರಿಯವರೆಗೂ ತಾಳಬಲ್ಲವು. ಬೆಲೆ ತುಸು ಹೆಚ್ಚು. ಬಿಚ್ಚುವ ಶ್ರಮವೇ ದುಬಾರಿಯಾದ ಈ ಕೆಲಸದಲ್ಲಿ ಸೀಲಿನ ಬೆಲೆಯಲ್ಲಿ ಜಿಪುಣತನ ತೋರುವುದು ಜಾಣತನವಲ್ಲ.

ಘಟ್ಟದ ಕಾರಿಗೆ ಹೆಚ್ಚು ಕಾಟ ಏಕೆ?

ಬಯಲುಸೀಮೆಯ ಹೆದ್ದಾರಿಯಲ್ಲಿ ಓಡುವ ಕಾರಿಗೂ ಮಲೆನಾಡಿನ ಕಾರಿಗೂ ಇಲ್ಲಿ ವ್ಯತ್ಯಾಸವಿದೆ. ಪೆಟ್ರೋಲ್ ಇಂಜಿನಿನಲ್ಲಿ ಚಾಲಕ ಎಕ್ಸಿಲರೇಟರಿನಿಂದ ಕಾಲು ತೆಗೆದರೆ ಥ್ರಾಟಲ್ ಮುಚ್ಚಿಕೊಳ್ಳುತ್ತದೆ. ಚಕ್ರಗಳು ಇಂಜಿನನ್ನು ತಿರುಗಿಸುತ್ತಲೇ ಇರುವುದರಿಂದ ಪಿಸ್ಟನ್‌ಗಳು ಗಾಳಿಗಾಗಿ ಎಳೆಯುತ್ತವೆ, ಗಾಳಿಯ ದಾರಿ ಮಾತ್ರ ಬಂದ್. ಆಗ ಇನ್ಲೆಟ್ ಕೊಳವೆಯಲ್ಲಿ ಬಲವಾದ ನಿರ್ವಾತ ಉಂಟಾಗುತ್ತದೆ. ಒಳಗಿನ ಒತ್ತಡ ಹೊರಗಿನ ವಾತಾವರಣದ ಒತ್ತಡದ ಮೂರನೇ ಒಂದು ಭಾಗಕ್ಕೂ ಕೆಳಗಿಳಿಯಬಹುದು. ಈ ನಿರ್ವಾತಕ್ಕೆ ಗಾಳಿ ಸಿಗದಿದ್ದರೆ ಬೇರೇನು ಸಿಕ್ಕರೂ ಆದೀತು. ಸೀಲು ಸವೆದ ಗೈಡಿನ ಮೂಲಕ ಮೇಲಿರುವ ಆಯಿಲನ್ನು ಅದು ಹೀರತೊಡಗುತ್ತದೆ, ಸ್ಟ್ರಾ ಹಾಕಿ ಎಳನೀರು ಹೀರಿದಂತೆ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನು ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಯುವ ಕಾರು ಮುಕ್ಕಾಲು ಗಂಟೆಯ ಬಹುಭಾಗವನ್ನು ಇದೇ ಸ್ಥಿತಿಯಲ್ಲಿ ಕಳೆಯುತ್ತದೆ. ಮುಳ್ಳಯ್ಯನಗಿರಿಯಿಂದ ಕೈಮರದತ್ತ ಇಳಿಯುವುದೂ ಹೀಗೆಯೇ. ಹೀರಿದ ಎಣ್ಣೆ ಇನ್ಲೆಟ್ ದಾರಿಯಲ್ಲಿ ಶೇಖರವಾಗಿದ್ದು, ಕೆಳಗೆ ತಲುಪಿ ಎಕ್ಸಿಲರೇಟರ್ ಒತ್ತಿದೊಡನೆ ಒಮ್ಮೆಲೇ ಉರಿಯುತ್ತದೆ. ಹೊಗೆಯ ಮೋಡ ಏಳುವುದು ಆಗಲೇ. ಸಮತಟ್ಟಾದ ರಸ್ತೆಯಲ್ಲಿ ಇನ್ನೂ ಎರಡು ವರ್ಷ ಗುಟ್ಟಾಗಿರಬಹುದಾಗಿದ್ದ ದೋಷವನ್ನು ಘಾಟಿ ಒಂದೇ ದಿನದಲ್ಲಿ ಬಯಲಿಗೆಳೆಯುತ್ತದೆ.

ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಮಾತೊಂದಿದೆ. ಹೊಗೆಗೆ ನಾಚಿಕೊಂಡೋ, ಪೆಟ್ರೋಲ್ ಉಳಿಯುತ್ತದೆಂಬ ಭ್ರಮೆಯಿಂದಲೋ ಕೆಲವರು ಘಾಟಿಯಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದು ಕಾರನ್ನು ಉರುಳಲು ಬಿಡುತ್ತಾರೆ. ಆಗ ಕಾರಿನ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬಿಸಿಯೇರಿದ ಬ್ರೇಕ್ ಹಿಡಿತ ಕಳೆದುಕೊಂಡರೆ ಚಾರ್ಮಾಡಿಯ ತಿರುವುಗಳಲ್ಲಿ ಎರಡನೇ ಅವಕಾಶ ಇರುವುದಿಲ್ಲ. ಫ್ಯೂಯಲ್ ಇಂಜೆಕ್ಷನ್ ಇರುವ ಕಾರುಗಳಂತೂ ಗೇರಿನಲ್ಲಿ ಇಳಿಯುವಾಗ ಪೆಟ್ರೋಲ್ ಸರಬರಾಜನ್ನೇ ಕಡಿದುಕೊಳ್ಳುವುದರಿಂದ ನ್ಯೂಟ್ರಲ್‌ನಲ್ಲಿ ಉಳಿತಾಯದ ಮಾತೂ ಸುಳ್ಳು. ಹೊಗೆ ಬರುತ್ತಿದ್ದರೂ ಗೇರಿನಲ್ಲಿಯೇ ಇಳಿಯಬೇಕು, ಸೀಲಿನ ರಿಪೇರಿ ಮನೆಗೆ ಬಂದ ಮೇಲೆ.

ಅಂದಹಾಗೆ, ಈ ಹೀರುವಿಕೆಯ ಕಥೆ ಡೀಸೆಲ್ ಜೀಪುಗಳಿಗೆ ಅಷ್ಟಾಗಿ ಅನ್ವಯಿಸದು. ಹಳೆಯ ಡೀಸೆಲ್ ಇಂಜಿನಿನಲ್ಲಿ ಗಾಳಿಯನ್ನು ತಡೆಯುವ ಥ್ರಾಟಲ್ ಸಾಮಾನ್ಯವಾಗಿ ಇರುವುದಿಲ್ಲ, ಆದುದರಿಂದ ಇಳಿಜಾರಿನಲ್ಲಿ ಅಂತಹ ನಿರ್ವಾತವೂ ಏಳುವುದಿಲ್ಲ. ಕಳಸ-ಕುದುರೆಮುಖದ ಕಡೆ ಪ್ರವಾಸಿಗರನ್ನು ಹೊತ್ತು ತಿರುಗುವ ಜೀಪು ನೀಲಿ ಹೊಗೆ ಹೊಡೆದರೆ ಮೊದಲ ಸಂಶಯ ರಿಂಗ್ ಮೇಲೆಯೇ ಹೋಗಬೇಕು.

ರಾತ್ರಿಯ ವಿಷಯವೂ ಹೀಗೆಯೇ ಸ್ಪಷ್ಟ. ಇಂಜಿನ್ ನಿಂತಾಗ ಕೆಲವು ವಾಲ್ವ್‌ಗಳ ಮೇಲೆ ಎಣ್ಣೆ ನಿಂತಿರುತ್ತದೆ. ಗಟ್ಟಿಯಾದ ಸೀಲು ಅದನ್ನು ತಡೆಯದೆ ತೊಟ್ಟು ತೊಟ್ಟಾಗಿ ಕೆಳಕ್ಕೆ ಬಿಡುತ್ತದೆ. ಬೆಳಿಗ್ಗೆ ಚಾಲೂ ಆದೊಡನೆ ಆ ಕೆಲವು ತೊಟ್ಟುಗಳು ಉರಿದು ಹೋಗುತ್ತವೆ, ಮತ್ತೆ ಹೊಗೆ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ವಾರಗಟ್ಟಲೆ ಶೆಡ್ಡಿನಿಂದ ಹೊರಬಾರದ ಕಾರುಗಳಲ್ಲಿ ಈ ಮೊದಲ ಹೊಗೆ ಇನ್ನೂ ದಟ್ಟ.

ಹೊಗೆಯನ್ನು ಓದುವ ಬಗೆ

ಮೊದಲಿಗೆ ಬಣ್ಣ. ನೀಲಿಯೆಂದರೆ ಆಯಿಲ್, ಕಪ್ಪೆಂದರೆ ಹೆಚ್ಚಾದ ಪೆಟ್ರೋಲ್. ಬಿಳಿಯ ವಿಷಯದಲ್ಲಿ ಮಲೆನಾಡಿನವರು ಎಚ್ಚರದಿಂದಿರಬೇಕು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಡಿಸೆಂಬರಿನ ಚಳಿಯಲ್ಲಿ ಸೈಲೆನ್ಸರಿನಿಂದ ಏಳುವ ಬಿಳಿ ಉಗಿ ಅದೇ ನೀರು, ಅದಕ್ಕೆ ಯಾರೂ ಹೆದರಬೇಕಾಗಿಲ್ಲ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಸಿಹಿ ವಾಸನೆ ಬಂದು, ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ಟಿನ ಕಡೆ ಗಮನ ಹರಿಸಬೇಕು.

ಬಣ್ಣಕ್ಕಿಂತಲೂ ಮುಖ್ಯವಾದುದು ಹೊಗೆಯ ಸಮಯ. ರಿಂಗ್ ಅಥವಾ ಬೋರ್ ಸವೆದಿದ್ದರೆ ಏರು ಹತ್ತುವಾಗ, ಭಾರ ಎಳೆಯುವಾಗ ಹೊಗೆ ಬಿಡದೆ ಬರುತ್ತದೆ, ಎಳೆಯುವ ಶಕ್ತಿಯೂ ಕುಗ್ಗಿರುತ್ತದೆ. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದ ಬುಸುಬುಸು ಎಂದು ಅನಿಲ ನುಗ್ಗುತ್ತದೆ. ಸೀಲು ಸವೆದಿದ್ದರೆ ಇದು ತಿರುವುಮುರುವು: ಏರಿನಲ್ಲಿ ಹೊಗೆಯಿಲ್ಲ, ಶಕ್ತಿಗೆ ಕುಂದಿಲ್ಲ. ಬೆಳಗಿನ ಚಾಲನೆಯಲ್ಲಿ, ಬಹಳ ಹೊತ್ತು ಐಡ್ಲಿಂಗಿನಲ್ಲಿ ನಿಂತು ಹೊರಟಾಗ, ಇಳಿಜಾರಿನ ನಂತರ, ಈ ಮೂರು ಸಂದರ್ಭಗಳಲ್ಲಿ ಮಾತ್ರ ಹೊಗೆ. ಇದನ್ನು ಪರೀಕ್ಷಿಸಲು ಯಾವ ಯಂತ್ರವೂ ಬೇಡ. ಮನೆಯವರೊಬ್ಬರು ಹಿಂದಿನ ಕಾರಿನಲ್ಲಿ ಕುಳಿತು ನೋಡಿದರೆ ಸಾಕು.

ಯಂತ್ರದ ಸಾಕ್ಷಿ ಬೇಕೆನ್ನುವವರಿಗೆ ಕಂಪ್ರೆಷನ್ ಪರೀಕ್ಷೆಯಿದೆ. ಪ್ಲಗ್ ಬಿಚ್ಚಿ, ಆ ರಂಧ್ರಕ್ಕೆ ಗೇಜ್ ಹಚ್ಚಿ, ಥ್ರಾಟಲನ್ನು ಪೂರ್ತಿ ತೆರೆದು ಸ್ಟಾರ್ಟರ್ ತಿರುಗಿಸಿದರೆ ಪ್ರತಿ ಸಿಲಿಂಡರಿನ ಒತ್ತಡ ತಿಳಿಯುತ್ತದೆ. ಓದು ಕಡಿಮೆಯಿದ್ದರೆ ಪ್ಲಗ್ ರಂಧ್ರದಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಆಗ ಒತ್ತಡ ಏರಿದರೆ ರಿಂಗ್ ಸವೆದಿದೆ ಎಂದರ್ಥ, ಎಣ್ಣೆಯು ಸಂದಿಯನ್ನು ತಾತ್ಕಾಲಿಕವಾಗಿ ಮುಚ್ಚಿರುತ್ತದೆ. ವಾಲ್ವ್ ಸೀಲಿಗೂ ಕಂಪ್ರೆಷನ್ನಿಗೂ ಸಂಬಂಧವೇ ಇಲ್ಲ. ಆರೂ ಸೀಲುಗಳು ಪುಡಿಯಾಗಿದ್ದರೂ ಗೇಜು ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಆದ್ದರಿಂದ ಆಯಿಲ್ ಕುಡಿಯುವ, ಆದರೆ ಕಂಪ್ರೆಷನ್ ಚೆನ್ನಾಗಿರುವ ಇಂಜಿನಿಗೆ ಬೋರ್ ಮಾಡಿಸುವುದೆಂದರೆ ಹಲ್ಲು ನೋವಿಗೆ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿದಂತೆ.

ಇಲ್ಲಿಯೂ ಘಟ್ಟದ ಮೇಲಿನ ಊರುಗಳಿಗೆ ಒಂದು ವಿಶೇಷವಿದೆ. ಕೈಪಿಡಿಯಲ್ಲಿ ಕೊಟ್ಟಿರುವ ಕಂಪ್ರೆಷನ್ ಅಂಕಿಗಳು ಸಮುದ್ರಮಟ್ಟದ ಗಾಳಿಗೆ ಹತ್ತಿರವಾದ ಲೆಕ್ಕ. ಸುಮಾರು 1000 ಮೀಟರ್ ಎತ್ತರದಲ್ಲಿ ವಾತಾವರಣದ ಒತ್ತಡವೇ ನೂರಕ್ಕೆ ಹತ್ತರಷ್ಟು ಕಡಿಮೆ, ಗೇಜಿನ ಓದೂ ಅಷ್ಟೇ ಇಳಿಯುತ್ತದೆ. ಮಂಗಳೂರಿನಲ್ಲಿ 12 ತೋರಿಸಿದ ಇಂಜಿನ್ ಚಿಕ್ಕಮಗಳೂರಿನಲ್ಲಿ 11ಕ್ಕೂ ತುಸು ಕೆಳಗೆ ತೋರಿಸಿದರೆ ಅದು ಇಂಜಿನಿನ ಕಾಯಿಲೆಯಲ್ಲ, ಊರಿನ ಎತ್ತರ. ನೋಡಬೇಕಾದದ್ದು ಸಿಲಿಂಡರುಗಳ ನಡುವಿನ ಅಂತರವನ್ನು. ಎಲ್ಲವೂ ಹತ್ತಿರ ಹತ್ತಿರ ಇದ್ದರೆ ಸಮಾಧಾನಪಡಬಹುದು. ಒಂದು ಸಿಲಿಂಡರು ಮಾತ್ರ ಉಳಿದವುಗಳಿಗಿಂತ ಬಹಳ ಹಿಂದೆ ಬಿದ್ದಿದ್ದರೆ ಆಗ ಚಿಂತೆಗೆ ಕಾರಣವಿದೆ.

ಸೀಲನ್ನು ದೂರುವ ಮೊದಲು ಇನ್ನೆರಡು ಸುಲಭದ ತಪಾಸಣೆ. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ಮೀರಿ ಆಯಿಲ್ ಸುರಿದಿದ್ದರೂ ಹೊಗೆ ಬರುತ್ತದೆ. ಇಂಜಿನಿನ ಒಳಗಿನ ಆವಿಯನ್ನು ಇನ್ಲೆಟ್ಟಿಗೆ ಮರಳಿಸುವ ಪಿಸಿವಿ ವಾಲ್ವ್ ಕೆಟ್ಟು ನಿಂತಿದ್ದರೂ ಬರುತ್ತದೆ. ಎರಡನ್ನೂ ಸರಿಪಡಿಸಲು ಹತ್ತು ನಿಮಿಷ ಸಾಕು.

ಹೆಡ್ ಇಳಿಸದೆ ಮಾಡುವ ಕೆಲಸ

ಸೀಲು ಬದಲಿಸಲು ಹೆಡ್ ಇಳಿಸಲೇಬೇಕು ಎಂಬುದು ವ್ಯಾಪಕವಾಗಿರುವ ನಂಬಿಕೆ. ಹೆಡ್ ಇಳಿಸಿದರೆ ಹೊಸ ಗ್ಯಾಸ್ಕೆಟ್, ಫೇಸಿಂಗ್, ಲೇಥ್ ಅಂಗಡಿಯ ಸರದಿ, ಎಲ್ಲವೂ ಹಿಂದೆಯೇ ಬರುತ್ತವೆ. ಆದರೆ ಅನೇಕ ಇಂಜಿನ್‌ಗಳಲ್ಲಿ ಹೆಡ್ ಇದ್ದಲ್ಲಿಯೇ ಇದ್ದು ಕೆಲಸ ಮುಗಿಸಬಹುದು. ಅಡ್ಡಿ ಒಂದೇ: ಸ್ಪ್ರಿಂಗ್ ಬಿಚ್ಚಿದೊಡನೆ ವಾಲ್ವನ್ನು ಹಿಡಿದಿಡುವವರು ಯಾರೂ ಇರುವುದಿಲ್ಲ, ಅದು ಸಿಲಿಂಡರಿನೊಳಕ್ಕೆ ಬಿದ್ದೀತು. ಬಿದ್ದರೆ ಹೆಡ್ ಇಳಿಸದೆ ಗತ್ಯಂತರವಿಲ್ಲ.

ಇದಕ್ಕೆ ಎರಡು ಉಪಾಯಗಳಿವೆ. ಮೊದಲನೆಯದು ಪ್ಲಗ್ ರಂಧ್ರದ ಮೂಲಕ ಕಂಪ್ರೆಸರಿನ ಗಾಳಿ ತುಂಬಿ, ಆ ಒತ್ತಡದಿಂದ ವಾಲ್ವನ್ನು ಮೇಲಕ್ಕೆ ಒತ್ತಿ ಹಿಡಿಯುವುದು. ಕಂಪ್ರೆಸರ್ ಇರುವ ಗ್ಯಾರೇಜಿಗೆ ಇದು ಸರಿ, ಆದರೆ ಗಾಳಿ ತುಂಬಿದೊಡನೆ ಪಿಸ್ಟನ್ ಕೆಳಕ್ಕೆ ನುಗ್ಗಿ ಕ್ರ್ಯಾಂಕ್ ಫಕ್ಕನೆ ತಿರುಗಬಹುದು. ಪುಲ್ಲಿಯ ಮೇಲೆ ಸ್ಪ್ಯಾನರ್ ಬಿಟ್ಟಿದ್ದರೆ ಕೈ ಹೋದೀತು. ಕೆಲಸದ ನಡುವೆ ಕರೆಂಟ್ ಹೋಗಿ ಟ್ಯಾಂಕಿನ ಗಾಳಿ ಖಾಲಿಯಾದರೂ ವಾಲ್ವ್ ಕೆಳಗೆ. ಮಳೆಗಾಲದ ಮಲೆನಾಡಿನಲ್ಲಿ ಕರೆಂಟನ್ನು ನಂಬಿ ವಾಲ್ವ್ ಬಿಡುವ ಧೈರ್ಯ ಯಾರಿಗಿದೆ!

ಎರಡನೆಯದು ಹಗ್ಗದ ಉಪಾಯ. ಖರ್ಚಿಲ್ಲ, ಕರೆಂಟ್ ಬೇಡ. ಆ ಸಿಲಿಂಡರಿನ ಎರಡೂ ವಾಲ್ವ್‌ಗಳು ಮುಚ್ಚಿರುವ ಕಂಪ್ರೆಷನ್ ಹಂತದಲ್ಲಿ ಪಿಸ್ಟನ್ ಅರ್ಧದಾರಿಯಲ್ಲಿರುವಂತೆ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನಿಲ್ಲಿಸಬೇಕು. ನೂಲು ಬಿಡದ ಶುಭ್ರವಾದ ನೈಲಾನ್ ಹಗ್ಗವನ್ನು ಪ್ಲಗ್ ರಂಧ್ರದ ಮೂಲಕ ಒಂದೆರಡು ಮೀಟರಿನಷ್ಟು ಒಳಕ್ಕೆ ತುರುಕಬೇಕು. ಹಗ್ಗದ ತುದಿ ಹೊರಗೇ ಉಳಿದಿರಬೇಕು, ತುದಿಗೊಂದು ಗಂಟು ಹಾಕಿಟ್ಟರೆ ಇನ್ನೂ ಕ್ಷೇಮ. ಬಳಿಕ ಕ್ರ್ಯಾಂಕನ್ನು ಅದೇ ದಿಕ್ಕಿನಲ್ಲಿ ನಿಧಾನವಾಗಿ ತಿರುಗಿಸಿದರೆ ಮೇಲೇರುವ ಪಿಸ್ಟನ್ ಹಗ್ಗದ ಸಿಂಬಿಯನ್ನು ವಾಲ್ವ್‌ಗಳಿಗೆ ಒತ್ತಿ ಹಿಡಿಯುತ್ತದೆ. ಬಿಗಿಯಾಯಿತೆಂದು ಕೈಗೆ ತಿಳಿದಾಗ ನಿಲ್ಲಿಸಬೇಕು, ಬಲಪ್ರಯೋಗ ಸಲ್ಲದು.

ಈಗ ರಾಕರ್‌ಗಳನ್ನು, ಇಂಜಿನಿನ ರಚನೆಗೆ ತಕ್ಕಂತೆ ಅಗತ್ಯವಿದ್ದರೆ ಕ್ಯಾಮ್‌ಷಾಫ್ಟನ್ನೂ ಬಿಚ್ಚಬೇಕು. ಟೈಮಿಂಗ್ ಬೆಲ್ಟ್ ಕಳಚುವುದಾದರೆ ಗುರುತು ಹಾಕದೆ ಮುಟ್ಟಬಾರದು. ಒಂದು ಹಲ್ಲು ತಪ್ಪಿ ಕೂತರೆ ಇಂಜಿನ್ ಸರಿಯಾಗಿ ಓಡದು, ಕೆಲವು ಇಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿದು ದೊಡ್ಡ ನಷ್ಟವೇ ಆಗುತ್ತದೆ. ಮುಂದಿನ ಹೆಜ್ಜೆಗೆ ಮುನ್ನ ಹೆಡ್ಡಿನ ಮೇಲೆ ಆಯಿಲ್ ಕೆಳಗಿಳಿಯುವ ಎಲ್ಲ ರಂಧ್ರಗಳಿಗೂ ಬಟ್ಟೆ ತುರುಕಬೇಕು. ಅವಸರದಲ್ಲಿ ಹಲವರು ಬಿಟ್ಟುಬಿಡುವ ಹೆಜ್ಜೆಯಿದು.

ಏಕೆಂದರೆ ಸ್ಪ್ರಿಂಗನ್ನು ವಾಲ್ವಿಗೆ ಬಂಧಿಸಿರುವುದು ಎರಡು ಪುಟ್ಟ ಅರ್ಧ ಬಳೆಗಳು. ಗ್ಯಾರೇಜಿನ ಮಾತಿನಲ್ಲಿ ಅವು ವಾಲ್ವ್ ಲಾಕ್. ಸ್ಪ್ರಿಂಗ್ ಒತ್ತುವ ಸಲಕರಣೆಯಿಂದ ಸ್ಪ್ರಿಂಗನ್ನು ಅದುಮಿದೊಡನೆ ಲಾಕುಗಳು ಸಡಿಲವಾಗುತ್ತವೆ, ಅವನ್ನು ಅಯಸ್ಕಾಂತದ ಕಡ್ಡಿಯಿಂದ ಎತ್ತಿಕೊಳ್ಳಬೇಕು. ಕೈ ಜಾರಿದರೆ ಲಾಕ್ ಹಾರಿ ಎಲ್ಲಿ ಬೀಳುವುದೋ ಹೇಳಲಾಗದು. ಶೆಡ್ಡಿನ ಮೂಲೆಗೆ ಬಿದ್ದರೆ ಹುಡುಕುವ ತಾಪತ್ರಯವಷ್ಟೇ. ಮುಚ್ಚದ ರಂಧ್ರದೊಳಗೆ ಬಿದ್ದರೆ ಇಂಜಿನಿನ ತಳದ ಸಂಪ್ ಇಳಿಸಿ ಹುಡುಕಬೇಕು. ಸಿಗಲಿಲ್ಲವೆಂದು ಹಾಗೆಯೇ ಇಂಜಿನ್ ಚಾಲೂ ಮಾಡುವಂತಿಲ್ಲ.

ಸ್ಪ್ರಿಂಗ್ ಹೊರಬಂದ ಮೇಲೆ ಸೀಲು ಕಾಣುತ್ತದೆ. ಇಕ್ಕಳದಿಂದ ಹಿಡಿದು, ಅತ್ತಿತ್ತ ತುಸು ತಿರುಗಿಸಿ ಮೇಲಕ್ಕೆಳೆದರೆ ಬರುತ್ತದೆ. ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಹಗ್ಗದ ಬಿಗಿತವನ್ನು ತುಸು ಸಡಿಲಿಸಿ, ವಾಲ್ವಿನ ಕಾಂಡವನ್ನು ಬೆರಳಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ ನೋಡಬೇಕು. ಕೈಗೆ ಸ್ಪಷ್ಟವಾಗಿ ತಿಳಿಯುವಷ್ಟು ಆಟವಿದ್ದರೆ ಗೈಡೇ ಸವೆದಿದೆ. ಅಲುಗಾಡುವ ಕಾಂಡ ಹೊಸ ಸೀಲಿನ ತುಟಿಯನ್ನು ಕೆಲವೇ ತಿಂಗಳಲ್ಲಿ ಸವೆಸಿಬಿಡುತ್ತದೆ. ಹಾಗಿದ್ದಲ್ಲಿ ಹೆಡ್ ಇಳಿಸಿ ಹೊಸ ಗೈಡ್ ಒತ್ತಿಸಿ, ರೀಮರ್ ಆಡಿಸಿ, ವಾಲ್ವ್ ಸೀಟನ್ನು ಮತ್ತೆ ಕತ್ತರಿಸಬೇಕು. ಅದು ನುರಿತ ಲೇಥ್ ಕೆಲಸಗಾರರ ಪಾಲಿನದು. ಆಗಲೂ ಕೆಲಸ ಹೆಡ್ಡಿಗೆ ಸೀಮಿತವೇ ಹೊರತು ಬೋರಿನ ತಂಟೆಗೆ ಹೋಗಬೇಕಾಗಿಲ್ಲ.

ಗೈಡ್ ಚೆನ್ನಾಗಿದ್ದರೆ ಹೊಸ ಸೀಲು. ಕಾಂಡದ ತುದಿಯಲ್ಲಿ ಲಾಕ್ ಕೂರುವ ಗಾಡಿಗಳಿವೆ, ಅವುಗಳ ಅಂಚು ಚೂಪು. ಸೀಲನ್ನು ಬರಿದೇ ಅದರ ಮೇಲಿನಿಂದ ಇಳಿಸಿದರೆ ತುಟಿ ಕೊಯ್ದುಹೋಗಿ ಹೊಸ ಸೀಲೇ ಮೊದಲ ದಿನದಿಂದ ಸೋರುತ್ತದೆ. ಕೆಲವು ಸೀಲ್ ಸೆಟ್ಟುಗಳೊಂದಿಗೆ ಪ್ಲಾಸ್ಟಿಕ್ಕಿನ ಪುಟ್ಟ ಕವಚ ಬರುತ್ತದೆ, ಅದನ್ನು ಕಾಂಡಕ್ಕೆ ತೊಡಿಸಿ, ಆಯಿಲ್ ಸವರಿ, ಆಮೇಲೆ ಸೀಲು ಇಳಿಸಬೇಕು. ಕವಚವಿಲ್ಲದಿದ್ದರೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿಯೂ ಕೆಲಸ ಸಾಧಿಸಬಹುದು. ಸೀಲನ್ನು ಗೈಡಿನ ಮೇಲೆ ಕೂರಿಸುವಾಗ ಸುತ್ತಿಗೆ ಬೇಡ. ಅಳತೆಗೆ ಸರಿಹೊಂದುವ ಸಾಕೆಟ್ಟನ್ನು ಸೀಲಿನ ಅಂಚಿಗೆ ಇಟ್ಟು ಅಂಗೈಯಿಂದ ನೇರವಾಗಿ ಒತ್ತಿದರೆ ಕೂತ ಅನುಭವ ಕೈಗೇ ಆಗುತ್ತದೆ. ಇನ್ಲೆಟ್, ಎಕ್ಸಾಸ್ಟ್ ಸೀಲುಗಳು ಬೇರೆ ಬೇರೆ ಇರುವ ಇಂಜಿನ್‌ಗಳಲ್ಲಿ ಬಣ್ಣವನ್ನಷ್ಟೇ ನಂಬದೆ ಪೊಟ್ಟಣದ ಮೇಲಿನ ಸಂಖ್ಯೆಯನ್ನು ನೋಡಿಕೊಳ್ಳಬೇಕು.

ಸ್ಪ್ರಿಂಗಿನ ಸುರುಳಿಗಳು ಒಂದು ತುದಿಯಲ್ಲಿ ಒತ್ತೊತ್ತಾಗಿದ್ದರೆ ಆ ತುದಿ ಹೆಡ್ಡಿನ ಕಡೆಗಿರಬೇಕು. ಲಾಕುಗಳನ್ನು ಒಂದಿಷ್ಟು ಗ್ರೀಸ್ ಹಚ್ಚಿ ಕಾಂಡಕ್ಕೆ ಅಂಟಿಸಿ, ಸ್ಪ್ರಿಂಗನ್ನು ಮೆಲ್ಲನೆ ಬಿಟ್ಟರೆ ತಾವಾಗಿ ಕೂರುತ್ತವೆ. ಹಿಡಿಯ ತುದಿಯಿಂದ ಮೇಲೆ ಒಮ್ಮೆ ತಟ್ಟಿ ನೋಡಿದರೆ ಸರಿಯಾಗಿ ಕೂರದ ಲಾಕ್ ಆಗಲೇ ಹಾರಿ ತನ್ನನ್ನು ತೋರಿಸಿಕೊಳ್ಳುತ್ತದೆ. ಓಡುವಾಗ ಹಾರುವುದಕ್ಕಿಂತ ಇದು ಎಷ್ಟೋ ಲೇಸು. ಆ ಸಿಲಿಂಡರಿನ ಎರಡೂ ಮುಗಿದ ಮೇಲೆ ಕ್ರ್ಯಾಂಕನ್ನು ಹಿಂದಕ್ಕೆ ತಿರುಗಿಸಿ, ಹಗ್ಗ ಹೊರಗೆಳೆದು ಮುಂದಿನ ಸಿಲಿಂಡರಿಗೆ ಹೋಗಬೇಕು. ಕ್ಯಾಮ್‌ಷಾಫ್ಟ್ ಬಿಚ್ಚಿರುವ ಇಂಜಿನ್‌ಗಳಲ್ಲಿ ಕ್ರ್ಯಾಂಕ್ ತಿರುಗಿಸುವ ಕ್ರಮವನ್ನು ಆಯಾ ಕಾರಿನ ಕೈಪಿಡಿ ನೋಡಿಯೇ ನಿರ್ಧರಿಸಬೇಕು. ಎಲ್ಲ ಮುಗಿದ ಬಳಿಕ ಟ್ಯಾಪೆಟ್ ಸೆಟ್ಟಿಂಗ್, ಹೊಸ ಟ್ಯಾಪೆಟ್ ಕವರ್ ಗ್ಯಾಸ್ಕೆಟ್, ಆಯಿಲ್ ಮತ್ತು ಫಿಲ್ಟರ್ ಬದಲಾವಣೆ. ಎಣ್ಣೆ ಹಿಡಿದ ಪ್ಲಗ್‌ಗಳನ್ನೂ ಇದೇ ಸಮಯದಲ್ಲಿ ಶುಚಿಗೊಳಿಸಬೇಕು ಅಥವಾ ಬದಲಿಸಬೇಕು. ರಂಧ್ರಕ್ಕೆ ತುರುಕಿದ ಬಟ್ಟೆಗಳನ್ನು ಎಣಿಸಿ ತೆಗೆಯುವುದನ್ನು ಮರೆಯಬಾರದು, ನಗಬೇಡಿ, ಮರೆತವರುಂಟು.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಉಳಿಸಿಕೊಂಡವರಿಗೂ ಈ ಕ್ರಮವೇ. ಅವುಗಳ ಹಳೆಯ ಪೆಟ್ರೋಲ್ ಇಂಜಿನ್‌ಗಳಲ್ಲಿ ಕ್ಯಾಮ್‌ಷಾಫ್ಟ್ ಕೆಳಗಿದ್ದು ಪುಷ್‌ರಾಡ್ ಮೂಲಕ ರಾಕರ್ ಆಡುವುದರಿಂದ ಟೈಮಿಂಗ್ ಮುಟ್ಟುವ ಪ್ರಶ್ನೆಯೇ ಏಳದು, ಕೆಲಸ ಇನ್ನೂ ಹಗುರ.

ತಡಮಾಡಿದರೆ ಏನಾದೀತು?

ಹೊಗೆ ಬಂದರೇನು, ಆಯಿಲ್ ಸುರಿಯುತ್ತ ಓಡಿಸೋಣ ಎನ್ನುವವರೂ ಇದ್ದಾರೆ. ಸ್ವಲ್ಪ ಕಾಲ ನಡೆಯುತ್ತದೆ. ಆದರೆ ಮಾರುತಿ 800ರಂತಹ ಪುಟ್ಟ ಇಂಜಿನ್ ಹಿಡಿಯುವುದು ಸುಮಾರು ಮೂರು ಲೀಟರ್ ಆಯಿಲ್. 1000 ಕಿಲೋಮೀಟರಿಗೆ ಒಂದು ಲೀಟರ್ ಹೋಗುತ್ತಿದ್ದರೆ, ಎರಡು ತಿಂಗಳು ಡಿಪ್‌ಸ್ಟಿಕ್ ಎಳೆದು ನೋಡದವರ ಇಂಜಿನಿನಲ್ಲಿ ಉಳಿಯುವುದೆಷ್ಟು? ಡ್ಯಾಷ್‌ಬೋರ್ಡಿನ ಕೆಂಪು ದೀಪ ಹತ್ತುವುದು ಆಯಿಲ್ ಕಡಿಮೆಯಾದಾಗಲ್ಲ, ಒತ್ತಡವೇ ಬಿದ್ದಾಗ. ಆ ಹೊತ್ತಿಗೆ ಬೇರಿಂಗುಗಳು ಒಣಗಿರುತ್ತವೆ. ಸೀಲಿನಿಂದ ಹೋಗಬಹುದಾಗಿದ್ದ ಕಾಯಿಲೆ ನಿಜವಾಗಿಯೂ ಇಂಜಿನ್ ಕೆಲಸಕ್ಕೆ ತಿರುಗುವುದು ಹೀಗೆ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರುಗಳಲ್ಲಿ ಸುಟ್ಟ ಆಯಿಲಿನ ರಂಜಕ ಅದನ್ನೂ ನಿಷ್ಕ್ರಿಯಗೊಳಿಸುತ್ತದೆ.

ದಪ್ಪನೆಯ ಆಯಿಲ್ ಹಾಕಿ ಹೊಗೆ ಕಡಿಮೆ ಮಾಡುವುದು, ಹೊಗೆ ನಿಲ್ಲಿಸುತ್ತದೆಂದು ಮಾರುವ ಡಬ್ಬಿಯ ಔಷಧ ಸುರಿಯುವುದು, ಇವೆರಡೂ ಪರಿಚಿತ ಕೈಚಳಕಗಳು. ಔಷಧದಲ್ಲಿರುವ ರಾಸಾಯನಿಕ ಗಟ್ಟಿಯಾದ ರಬ್ಬರನ್ನು ತುಸು ಉಬ್ಬಿಸಿ ಮೆತ್ತಗಾಗಿಸುತ್ತದೆ, ಆದರೆ ಬಿರಿದ ತುಟಿಯನ್ನು ಹೊಲಿಯಲಾರದು. ಕಾರು ಮಾರುವವರಿಗೆ ಅದು ಒಂದು ವಾರದ ಮಟ್ಟಿಗೆ ಉಪಯೋಗಿ. ಆದ್ದರಿಂದಲೇ ಹಳೆಯ ಕಾರು ಕೊಳ್ಳುವವರು ಇಂಜಿನ್ ತಣ್ಣಗಿರುವಾಗಲೇ, ಬೆಳಗಿನ ಮೊದಲ ಚಾಲನೆಯನ್ನು ಕಣ್ಣಾರೆ ನೋಡಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಅದೇ ಒಂದು ಉತ್ತರ.

ಕಾನೂನಿನ ಲೆಕ್ಕವೂ ಇದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಬಳಿಕ ಯೋಗ್ಯತಾ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಈ ನವೀಕರಣ ಶುಲ್ಕ 600 ರೂಪಾಯಿಯಿಂದ 5000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ರೂಪಾಯಿಗೆ ಏರಿಸಲಾಯಿತು. ಇಷ್ಟು ತೆತ್ತು ಕಾರನ್ನು ತಪಾಸಣೆಗೆ ಒಯ್ದಾಗ ಅದು ಹೊಗೆ ಹೊಡೆದರೆ ಮಾಲೀಕರ ಗತಿಯೇನು? ಇಂಜಿನನ್ನೇ ಬದಲಿಸುವ ದಾರಿಯೂ ಸಲೀಸಲ್ಲ. ಇಂಜಿನ್ ಸಂಖ್ಯೆ ಆರ್.ಸಿ.ಯಲ್ಲಿ ನಮೂದಾಗಿರುವುದರಿಂದ ಗುಜರಿಯಿಂದ ತಂದ ಇಂಜಿನ್ ಕೂರಿಸಿದವರು ಆರ್.ಟಿ.ಒ. ಕಚೇರಿಗೆ ಅಲೆಯಬೇಕಾಗುತ್ತದೆ.

ವಾಹನವೊಂದು ಮನೆಯಲ್ಲಿರುವುದು ಈ ಭಾಗದಲ್ಲಿ ಪ್ರತಿಷ್ಠೆಯ ಮಾತಲ್ಲ. 1991ರಿಂದ ಕಾರ್ಮಿಕರೇ ನಡೆಸಿಕೊಂಡು ಬಂದಿದ್ದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ಸ್ಥಗಿತಗೊಂಡಾಗ ಮಲೆನಾಡಿನ ಎಷ್ಟೋ ಹಳ್ಳಿಗಳ ಜನರಿಗೆ ಬಸ್ಸಿನ ನೆಚ್ಚಿಕೆ ಕಡಿಮೆಯಾಯಿತು. ಮುಖ್ಯರಸ್ತೆಯಿಂದ ಮೂರ್ನಾಲ್ಕು ಕಿಲೋಮೀಟರ್ ಒಳಗಿರುವ ತೋಟದ ಮನೆಗೆ ರಾತ್ರಿ ಹೊತ್ತು ಆಸ್ಪತ್ರೆಯ ದಾರಿ ತೋರುವುದು ಶೆಡ್ಡಿನಲ್ಲಿರುವ ಹಳೆಯ ಕಾರೇ. ಅದನ್ನು ಬೋರಿನ ಖರ್ಚಿಗೆ ಹೆದರಿ ಗುಜರಿಗೆ ಹಾಕುವ ಮುನ್ನ ಮೆಕ್ಯಾನಿಕ್‌ಗೆ ಒಂದು ಪ್ರಶ್ನೆ ಕೇಳುವುದು ಮಾಲೀಕರ ಹಕ್ಕು: ಕಂಪ್ರೆಷನ್ ಎಷ್ಟು ಬಂತು? ಅಳೆಯದೆಯೇ ಬೋರ್ ಎನ್ನುವವರಿದ್ದರೆ ಮತ್ತೊಂದು ಗ್ಯಾರೇಜ್ ನೋಡುವುದು ಒಳಿತು.

ಸೀಲು ಬದಲಿಸಿದ ಮರುದಿನವೇ ಹೊಗೆ ಪೂರ್ತಿ ನಿಲ್ಲದಿದ್ದರೆ ಗಾಬರಿ ಬೇಡ. ಇನ್ಲೆಟ್ ದಾರಿಯಲ್ಲಿಯೂ ಸೈಲೆನ್ಸರಿನಲ್ಲಿಯೂ ಹಿಂದಿನ ಎಣ್ಣೆ ಉಳಿದಿರುತ್ತದೆ, ಅದು ಸುಟ್ಟು ಮುಗಿಯಲು ನೂರಾರು ಕಿಲೋಮೀಟರ್ ಓಡಬೇಕಾಗಬಹುದು. ಡಿಪ್‌ಸ್ಟಿಕ್ಕಿನ ಮಟ್ಟವನ್ನು ಕಿಲೋಮೀಟರಿನ ಜೊತೆ ಒಂದು ಚೀಟಿಯಲ್ಲಿ ಬರೆದಿಟ್ಟು, 500 ಕಿಲೋಮೀಟರ್ ಆದ ಮೇಲೆ ಮತ್ತೆ ನೋಡಬೇಕು. ಸಮತಟ್ಟಾದ ಜಾಗದಲ್ಲಿ, ಬೆಳಿಗ್ಗೆ, ಇಂಜಿನ್ ಚಾಲೂ ಮಾಡುವ ಮೊದಲು.